ರಿಪೇರಿ ಅಂಗಡಿಯ ಸಾಕ್ಷ್ಯ

ಮನೆಗೊಂದು ಟಿವಿಯನ್ನೋ ಫ್ರಿಜ್ಜನ್ನೋ ತರುವ ಮುನ್ನ ವಾರಗಟ್ಟಲೆ ವಿಚಾರಿಸುವುದು ಮೊಬೈಲ್ ಬಂದ ಮೇಲಿನ ರೂಢಿ ಎಂದು ಅನೇಕರು ತಿಳಿದಿದ್ದಾರೆ. ಹಿಂದಿನವರು ಅಂಗಡಿಯವನು ಕೊಟ್ಟದ್ದನ್ನು ಹೊತ್ತು ತಂದರು, ನಾವು ಹತ್ತು ಕಡೆ ಹೋಲಿಸಿ ಕೊಳ್ಳುತ್ತೇವೆ ಎಂಬ ಹೆಮ್ಮೆಯೂ ಅದರಲ್ಲಿ ಸೇರಿದೆ. ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ. ಕನ್ನಡ ನಾಡಿನಲ್ಲಿ ಈ ವಿಚಾರಣೆಗೆ ರೇಡಿಯೋಕ್ಕಿರುವಷ್ಟೇ ವಯಸ್ಸಿದೆ. ಅಭ್ಯಾಸ ಹಾಗೆಯೇ ಉಳಿದಿದೆ. ಯಾರನ್ನು ಕೇಳುತ್ತೇವೆ, ಏನೆಂದು ಕೇಳುತ್ತೇವೆ ಎಂಬುದಷ್ಟೇ ಬದಲಾಗಿದೆ. ಸುಮಾರು ಅರ್ಧ ಶತಮಾನ ಕಾಲ ಈ ವಿಚಾರಣೆಯಲ್ಲಿ ಹೆಚ್ಚು ತೂಕದ ಸಾಕ್ಷಿಯಾಗಿದ್ದವನು ರಿಪೇರಿ ಮಾಡುವವನು. ಮಾರಿದವನಿಗೆ ಸೆಟ್ಟು ಅಂಗಡಿಯ ಮೆಟ್ಟಿಲು ಇಳಿಯುವ ತನಕ ಗೊತ್ತು. ಕೊಂಡವನಿಗೆ ತನ್ನ ಮನೆಯ ಒಂದೇ ಸೆಟ್ಟು ಗೊತ್ತು. ಊರಿನ ನೂರಾರು ಸೆಟ್ಟುಗಳು ಎರಡನೆಯ ವರ್ಷ, ಐದನೆಯ ವರ್ಷ, ಹತ್ತನೆಯ ವರ್ಷ ಹೇಗೆ ಕೆಟ್ಟವು ಎಂಬುದನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ಅವನನ್ನು ಕೇಳುವುದನ್ನು ನಾವು ಬಿಟ್ಟೆವು. ಹಾಗೆ ಬಿಟ್ಟದ್ದು ಪ್ರಗತಿಯಲ್ಲ, ನಷ್ಟ ಎಂಬುದು ಈ ಬರಹದ ವಾದ. ಅದಕ್ಕೆ ಆಧಾರಗಳನ್ನು ರೇಡಿಯೋದಿಂದಲೇ ಹುಡುಕಬೇಕು.

1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾದ ‘ಆಕಾಶವಾಣಿ’ ಎಂಬುದು ಈ ಪುಟ್ಟ ನಿಲಯದ ಹೆಸರು. ಇಂಥ ನಿಲಯದ ದನಿ ಎಷ್ಟು ದೂರ ಹೋಗುತ್ತದೆ, ಯಾವ ಮೊಹಲ್ಲಾದಲ್ಲಿ ಸ್ಪಷ್ಟ, ಎಲ್ಲಿ ಬರೀ ಗರಗರ ಎಂಬುದನ್ನು ಯಾವ ಕಂಪನಿಯ ಪತ್ರಿಕೆಯೂ ಹೇಳುವಂತಿರಲಿಲ್ಲ. ಅದೇ ಬೀದಿಯಲ್ಲಿ ಸೆಟ್ಟು ಇಟ್ಟುಕೊಂಡವರನ್ನೇ ಕೇಳಬೇಕಿತ್ತು. ಏರಿಯಲ್ ತಂತಿಯನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು, ಅರ್ತ್ ಎಲ್ಲಿ ಕೊಡಬೇಕು ಎಂಬುದನ್ನು ಬಲ್ಲವರ ಬಾಯಿಂದಲೇ ಕಲಿಯಬೇಕಿತ್ತು. ಕರೆಂಟಿನ ಪ್ರಶ್ನೆ ಅದಕ್ಕಿಂತ ಮೊದಲನೆಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ; 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಹಳ್ಳಿಗಳಲ್ಲಿ ಬಹುಪಾಲಿಗೆ ಅದು ತಲುಪಲು ದಶಕಗಳೇ ಹಿಡಿದವು. ಕರೆಂಟಿಲ್ಲದ ಊರಿನವರು ಬ್ಯಾಟರಿ ಸೆಟ್ಟು ನೋಡಬೇಕು. ನೋಡಿದರೆ ಬ್ಯಾಟರಿ ಎಲ್ಲಿ ಸಿಗುತ್ತದೆ, ಎಷ್ಟು ದಿನ ಬರುತ್ತದೆ ಎಂದು ಕೇಳಬೇಕು. ರೇಡಿಯೋ ಕೊಳ್ಳುವವನ ಮೊದಲ ಪ್ರಶ್ನೆಗಳು ಹೀಗೆ ಸರಕಿಗಿಂತ ಹೆಚ್ಚಾಗಿ ತನ್ನ ಊರಿಗೆ, ತನ್ನ ಮನೆಗೆ ಸಂಬಂಧಪಟ್ಟವು. ಈ ಸ್ಥಳೀಯತೆಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ನಾವು ಕಳೆದುಕೊಂಡದ್ದು ಮೊದಲಿಗೆ ಇದನ್ನೇ.

ಕೊಳ್ಳುವ ನಿರ್ಧಾರ ಹಗುರವಾಗಿರಲಿಲ್ಲ ಎನ್ನುವುದಕ್ಕೆ ಇನ್ನೊಂದು ಕಾರಣ ಲೈಸೆನ್ಸು. 1885ರ ತಂತಿ ಕಾಯ್ದೆ, 1933ರ ನಿಸ್ತಂತು ಕಾಯ್ದೆಗಳ ಪ್ರಕಾರ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಶುಲ್ಕ ಕಟ್ಟಿ ಪುಸ್ತಕದಲ್ಲಿ ದಾಖಲಿಸಿಕೊಳ್ಳಬೇಕಿತ್ತು. ಟಿವಿ ಬಂದ ಮೇಲೆ ಅದಕ್ಕೂ ಈ ಪದ್ಧತಿ ಅಂಟಿತು. ಇದು ಪೂರ್ತಿ ತೊಲಗಿದ್ದು 1980ರ ದಶಕದ ನಡುವಿನಲ್ಲಿ. ಕೊಂಡ ದಿನದ ಬೆಲೆಯ ಜೊತೆಗೆ ಪ್ರತಿವರ್ಷದ ಖರ್ಚೂ ಇದ್ದ ವಸ್ತುವನ್ನು ಯಾರೂ ಬಾಯಿಚಪಲಕ್ಕೆ ತಿಂಡಿ ಕೊಂಡಂತೆ ಕೊಳ್ಳಲಾರರು. ಒಮ್ಮೆ ತಂದರೆ ಮಗಳ ಮದುವೆಯವರೆಗೆ ಬಾಳಬೇಕು ಎಂಬ ಲೆಕ್ಕ ಮನೆಯವರದು.

ರೇಡಿಯೋ ಕಾಲದ ವಿಚಾರಣೆಯಲ್ಲಿ ಅಂಕಿಸಂಖ್ಯೆ ಇರಲಿಲ್ಲವೆಂದಲ್ಲ. ‘ಎಷ್ಟು ಬ್ಯಾಂಡು?’ ಎಂಬುದು ಆಗಿನ ಮುಖ್ಯ ಪ್ರಶ್ನೆ. ಅದರ ಹಿಂದೆ ಒಂದು ಸಾಂಸ್ಕೃತಿಕ ಜಗಳವೇ ಇದೆ. 1952ರ ಹೊತ್ತಿಗೆ ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳು ಆಕಾಶವಾಣಿಗೆ ತಕ್ಕುದಲ್ಲವೆಂದು ಅವನ್ನು ಬದಿಗೆ ಸರಿಸಿದರು. ಹಾಡು ಬೇಕಾದವರು ರೇಡಿಯೋ ಸಿಲೋನ್ ಕಡೆಗೆ ತಿರುಗಿದರು. ಕೊಲಂಬೋದಿಂದ ಬರುತ್ತಿದ್ದ ಆ ದನಿ ಶಾರ್ಟ್ ವೇವ್‌ನಲ್ಲಿ ಬರುತ್ತಿತ್ತು. 1950ರಲ್ಲಿ ಧಾರವಾಡದಲ್ಲಿ ನಿಲಯ ತೆರೆದಿತ್ತು, 1955ರಲ್ಲಿ ಮೈಸೂರಿನ ನಿಲಯ ಬೆಂಗಳೂರಿಗೆ ಬಂತು. ಅವುಗಳ ಕನ್ನಡ ವಾರ್ತೆ, ಕೃಷಿರಂಗ, ಸಂಗೀತ ಕಛೇರಿಗಳಿಗೆ ಮೀಡಿಯಂ ವೇವ್ ಸಾಕಾಗುತ್ತಿತ್ತು. ಸಿಲೋನಿನಲ್ಲಿ ಬರುತ್ತಿದ್ದ ಅಮೀನ್ ಸಯಾನಿಯವರ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ಬೇಕಿದ್ದವರಿಗೆ ಮಾತ್ರ ಶಾರ್ಟ್ ವೇವ್ ಬ್ಯಾಂಡು ಬೇಕು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾದಾಗ ಅದೂ ಮೊದಲು ಶಾರ್ಟ್ ವೇವ್‌ನಲ್ಲೇ ಬಂತು. ಬ್ಯಾಂಡಿನ ಸಂಖ್ಯೆ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಕುರುಡು ನಂಬಿಕೆ ಇಲ್ಲಿರಲಿಲ್ಲ. ಒಂದೊಂದು ಬ್ಯಾಂಡಿಗೂ ಕೇಳುಗನ ಒಂದೊಂದು ಆಸೆ ಗಂಟುಬಿದ್ದಿತ್ತು. ಇಂದು ಪೆಟ್ಟಿಗೆಯ ಮೇಲೆ ಅಚ್ಚಾಗುವ ಅಂಕಿಗಳಲ್ಲಿ ಎಷ್ಟಕ್ಕೆ ಹೀಗೆ ಒಂದು ಆಸೆಯ ಹೆಸರು ಹೇಳಬಲ್ಲೆವು ಎಂದು ಕೇಳಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ.

ರಿಪೇರಿಯವನು ಈ ಕಥೆಯೊಳಗೆ ಬರುವುದು ವಾಲ್ವುಗಳ ಮೂಲಕ. ವಾಲ್ವ್ ರೇಡಿಯೋ ಎಂದರೆ ಬಿಸಿಯಾಗುವ, ಸವೆಯುವ, ಬಲ್ಬಿನ ಹಾಗೆ ಒಂದು ದಿನ ಆರಿಹೋಗುವ ಗಾಜಿನ ಕೊಳವೆಗಳ ಕೂಟ. ಅದು ಕೆಡುವುದು ಅಪವಾದವಲ್ಲ, ನಿಯಮ. ಆದ್ದರಿಂದ ತಯಾರಕರೂ ಅದನ್ನು ಬಿಚ್ಚುವುದಕ್ಕೆಂದೇ ಕಟ್ಟಿದ್ದರು. ಹಿಂದಿನ ರಟ್ಟಿನ ತಿರುಪು ಸಡಿಲಿಸಿದರೆ ಒಳಗಿನದೆಲ್ಲ ಕೈಗೆ ಸಿಗುತ್ತದೆ. ಯಾವ ವಾಲ್ವು ಎಲ್ಲಿ ಕೂರಬೇಕೆಂದು ತೋರಿಸುವ ಚೀಟಿ ಅನೇಕ ಸೆಟ್ಟುಗಳ ಒಳಗೇ ಅಂಟಿರುತ್ತಿತ್ತು. ಫಿಲಿಪ್ಸ್, ಮರ್ಫಿ, ಬುಷ್, ಎಚ್‌ಎಂವಿ ಎಂದು ಹೆಸರು ನೂರಿದ್ದರೂ ಕೊಳ್ಳುವವನು ತಿಳಿಯಬೇಕಾದದ್ದು ಒಂದೇ, ಇದರ ವಾಲ್ವು ನಮ್ಮೂರಿನಲ್ಲಿ ಸಿಗುತ್ತದೆಯೇ? 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1960ರ ದಶಕದ ಆರಂಭದಿಂದ ರೇಡಿಯೋ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ಜಾಲಹಳ್ಳಿಯಲ್ಲಿ ತಯಾರಿಸತೊಡಗಿತು. ಸೈನ್ಯದ ಸಲಕರಣೆಗೆಂದು ಹುಟ್ಟಿದ ಕಾರ್ಖಾನೆ ಹೀಗೆ ಸಣ್ಣ ಊರಿನ ರಿಪೇರಿ ಅಂಗಡಿಯ ಡಬ್ಬಿಗಳನ್ನೂ ತುಂಬಿತು. ಐಟಿಐಗಳಲ್ಲಿ ‘ಮೆಕ್ಯಾನಿಕ್ ರೇಡಿಯೋ ಅಂಡ್ ಟಿವಿ’ ಎಂಬ ವೃತ್ತಿಶಿಕ್ಷಣವೇ ನಿಂತಿತು. ಬೆಂಗಳೂರಿನ ಎಸ್‌ಪಿ ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಬಿಡಿಭಾಗಗಳ ಪೇಟೆಯಾಗಿ ಬೆಳೆದು ನಾಡಿನ ಮೆಕ್ಯಾನಿಕ್ಕುಗಳು ಬಸ್ಸು ಹತ್ತಿ ಬರುವ ತಾಣವಾಯಿತು. ಬೆಸುಗೆ ಕಡ್ಡಿ, ಮೀಟರು, ಬಿಡಿಭಾಗದ ಡಬ್ಬಿ, ಗೋಡೆಗೆ ಒರಗಿಸಿದ ಸತ್ತ ಸೆಟ್ಟುಗಳು, ಇಷ್ಟು ಇದ್ದ ಆ ಅಂಗಡಿ ಊರಿನ ಎಲೆಕ್ಟ್ರಾನಿಕ್ ಜ್ಞಾನದ ಕೇಂದ್ರ. ಅಲ್ಲಿ ಕುಳಿತವನು ‘ಅದನ್ನ ತಗೋಬೇಡಿ ಸಾರ್, ಪಾರ್ಟು ಸಿಗಲ್ಲ’ ಎಂದರೆ ಆ ಮಾತನ್ನು ತಳ್ಳಿಹಾಕುವುದು ಕಷ್ಟವಿತ್ತು. ಅವನು ಹೇಳುತ್ತಿದ್ದುದು ಅಭಿಪ್ರಾಯವಲ್ಲ, ತನ್ನ ಮೇಜಿನ ಮೇಲಿನ ಲೆಕ್ಕ.

ಟಿವಿ ಬಂದ ಕ್ರಮವೂ ಈ ದೃಷ್ಟಿಯಿಂದ ನೋಡತಕ್ಕದ್ದು. ಕರ್ನಾಟಕದಲ್ಲಿ ಟಿವಿಯನ್ನು ಮೊದಲು ಕಂಡದ್ದು ರಾಜಧಾನಿಯಲ್ಲ; ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಪ್ರಸಾರ ತಲುಪಿಸಿದ ‘ಸೈಟ್’ ಪ್ರಯೋಗ ಅದು. ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಬುಟ್ಟಿಯಂಥ ಆಂಟೆನಾ, ಹೈದರಾಬಾದಿನ ಇಸಿಐಎಲ್ ಕಟ್ಟಿದ ಸೆಟ್ಟು, ನೋಡಲು ಊರಿಗೆ ಊರೇ. ಆ ಪ್ರಯೋಗ ನಡೆಸಿದವರಿಗೆ ಮೊದಲೇ ಗೊತ್ತಿತ್ತು, ಸೆಟ್ಟು ಇಡುವುದು ಸುಲಭ, ಧೂಳು ಮತ್ತು ಏರಿಳಿಯುವ ವೋಲ್ಟೇಜಿನ ನಡುವೆ ಅದನ್ನು ನಡೆಸುವುದು ಕಷ್ಟ ಎಂದು. ಹಾಗಾಗಿ ದುರಸ್ತಿಯ ಏರ್ಪಾಡನ್ನು ಯೋಜನೆಯ ಭಾಗವಾಗಿಯೇ ಕಟ್ಟಿದರು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಮರದ ಪೆಟ್ಟಿಗೆ, ನಾಲ್ಕು ಕಾಲು, ಎಳೆದು ಮುಚ್ಚುವ ಶಟರು, ಮಾಳಿಗೆಯ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಆಗಿನ ಮನೆಯ ಚಿತ್ರ. ಕೊಳ್ಳುವವರು ಕೇಳುತ್ತಿದ್ದದ್ದು ಮತ್ತೆ ಆ ಊರಿನ ಪ್ರಶ್ನೆಗಳೇ. ಪ್ರಸಾರ ಗೋಪುರದಿಂದ ನಾವೆಷ್ಟು ದೂರ? ಆಂಟೆನಾಕ್ಕೆ ಎಷ್ಟು ಉದ್ದದ ಪೈಪು ಬೇಕು? ಪಕ್ಕದ ಬೀದಿಯಲ್ಲಿ ಯಾವ ಸೆಟ್ಟು ಚೆನ್ನಾಗಿ ಹಿಡಿಯುತ್ತಿದೆ?

ಕಪ್ಪು ಬಿಳುಪಿನ ಟಿವಿ ಕಾಲದ ಒಂದು ಸಂಗತಿ ನನ್ನ ವಾದಕ್ಕೆ ಬಲವಾದ ಆಧಾರ. ಹಲವಾರು ಸಣ್ಣ ಘಟಕಗಳು ಟಿವಿ ಜೋಡಿಸಿ ಬೇರೆಬೇರೆ ಹೆಸರಿನಲ್ಲಿ ಮಾರುತ್ತಿದ್ದವು. ಹೊರಗಿನ ಹೆಸರು ಬೇರೆಯಾದರೂ ಒಳಗಿನ ಸಾಮಾನು ಬಹುಮಟ್ಟಿಗೆ ಕೆಲವೇ ಮೂಲಗಳಿಂದ ಬರುತ್ತಿತ್ತು. ಪಿಕ್ಚರ್ ಟ್ಯೂಬುಗಳನ್ನು ತಯಾರಿಸುತ್ತಿದ್ದವರಲ್ಲಿ ಬೆಂಗಳೂರಿನ ಬಿಇಎಲ್ ಪ್ರಮುಖ. ಎರಡು ಸೆಟ್ಟುಗಳ ಬೆಲೆಯ ಅಂತರಕ್ಕೆ ಕಾರಣ ಒಳಗಿದೆಯೋ ಬರೀ ಪೆಟ್ಟಿಗೆಯಲ್ಲಿದೆಯೋ ಎಂಬುದನ್ನು ಹಿಂದಿನ ಮುಚ್ಚಳ ತೆಗೆದು ನೋಡಿದವನು ಮಾತ್ರ ಹೇಳಬಲ್ಲ. ಜಾಹೀರಾತು ಇದನ್ನು ಹೇಳುವುದಿಲ್ಲ, ಮಾರಾಟಗಾರನಿಗೆ ಹೇಳುವ ಆಸಕ್ತಿಯಿಲ್ಲ, ನೆರೆಮನೆಯವರಿಗೆ ತಿಳಿಯುವುದಿಲ್ಲ. ಒಂದು ಸರಕಿನ ನಿಜವಾದ ಹೋಲಿಕೆ ಮಾಡಬಲ್ಲ ಸ್ಥಾನದಲ್ಲಿ ರಿಪೇರಿಯವನು ಇದ್ದನೆಂದು ನಾನು ಹೇಳುವುದು ಈ ಅರ್ಥದಲ್ಲಿ.

1982ರಲ್ಲಿ ಬಣ್ಣ ಬಂತು. ಆ ವರ್ಷದ ಸ್ವಾತಂತ್ರ್ಯ ದಿನದ ಪ್ರಸಾರ, ನವೆಂಬರ್‌ನ ಏಷ್ಯನ್ ಕ್ರೀಡಾಕೂಟ, ಮರುವರ್ಷ ಕಪಿಲ್ ದೇವ್ ತಂಡ ಗೆದ್ದ ವಿಶ್ವಕಪ್, 1987ರ ಜನವರಿಯಿಂದ ಭಾನುವಾರದ ರಾಮಾಯಣ. ಒಂದೊಂದೂ ಮತ್ತಷ್ಟು ಮನೆಗಳಿಗೆ ಟಿವಿ ಹೊತ್ತು ತಂದಿತು. ಕೇರಳದ ಪಾಲಕ್ಕಾಡಿನಲ್ಲಿ ಹುಟ್ಟಿ ಬೆಂಗಳೂರನ್ನು ನೆಲೆ ಮಾಡಿಕೊಂಡ ಬಿಪಿಎಲ್ ಈ ಅಲೆಯಲ್ಲಿ ಮನೆಮಾತಾಯಿತು. ಬಣ್ಣದ ಟಿವಿಯ ಬೆಲೆ ಒಬ್ಬ ನೌಕರನ ಹಲವು ತಿಂಗಳ ಸಂಬಳ. ಸೊಸೈಟಿ ಸಾಲ, ಚೀಟಿ ಹಣ, ಕಂತು ಇವುಗಳಿಂದಲೇ ಅದು ಮನೆಗೆ ಬರಬೇಕು. ಆಗ ವಿಚಾರಣೆ ಇನ್ನೂ ಬಿಗಿಯಾಯಿತು. ಜೊತೆಗೆ ಒಂದು ಹೊಸ ಪೆಟ್ಟಿಗೆ ಸೇರಿತು, ಸ್ಟೆಬಿಲೈಜರು. ಸಂಜೆಯ ಹೊತ್ತು ವೋಲ್ಟೇಜ್ ಕುಸಿದು ಚಿತ್ರ ಕುಗ್ಗುವ ಊರಿನಲ್ಲಿ ಟಿವಿಯಷ್ಟೇ ಎಚ್ಚರದಿಂದ ಸ್ಟೆಬಿಲೈಜರನ್ನೂ ಆರಿಸಬೇಕಿತ್ತು. ಅದನ್ನು ಎಷ್ಟೋ ಊರುಗಳಲ್ಲಿ ರಿಪೇರಿಯವನೇ ಕಟ್ಟಿಕೊಡುತ್ತಿದ್ದ, ಏಕೆಂದರೆ ಆ ಬೀದಿಯ ಕರೆಂಟು ಎಷ್ಟಕ್ಕೆ ಇಳಿದು ಎಷ್ಟಕ್ಕೆ ಏರುತ್ತದೆಂದು ಅವನ ಮೀಟರಿಗೆ ಗೊತ್ತಿತ್ತು.

ಇದು ಗಂಡಸರ ಲೋಕವಾಗಿತ್ತು ಎಂಬ ಆಕ್ಷೇಪ ಇಲ್ಲಿ ಬರಬಹುದು, ಅದು ನ್ಯಾಯವೇ. ರೇಡಿಯೋ ಅಂಗಡಿಯ ಬೆಂಚಿನ ಮೇಲೆ ಹೆಂಗಸರು ಕೂರುತ್ತಿರಲಿಲ್ಲ. ಆದರೆ ಅಡುಗೆಮನೆಯ ಯಂತ್ರದ ಚರಿತ್ರೆ ನೋಡಿದರೆ ಅಲ್ಲಿ ಹೆಂಗಸರು ಇದೇ ತತ್ತ್ವದ ಮೇಲೆ ತಮ್ಮದೇ ವಿಚಾರಣೆ ನಡೆಸಿದ್ದು ಕಾಣುತ್ತದೆ. ಸುಮೀತ್ ಮಿಕ್ಸಿ ಹುಟ್ಟಿದ ಬಗೆಯನ್ನೇ ತೆಗೆದುಕೊಳ್ಳಿ. 1960ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಮಾಧುರಿ ಮಾಥುರ್ ಅವರ ಜರ್ಮನಿಯ ಬ್ರೌನ್ ಮಿಕ್ಸಿ ಸುಟ್ಟುಹೋಯಿತು. ಅದನ್ನು ಇಲ್ಲಿ ದುರಸ್ತಿ ಮಾಡಿಸುವ ದಾರಿಯಿರಲಿಲ್ಲ. ಎಂಜಿನಿಯರ್ ಆಗಿದ್ದ ಪತಿ ಸತ್ಯಪ್ರಕಾಶ್ ಮಾಥುರ್ ನಮ್ಮ ಮಸಾಲೆ, ನಮ್ಮ ಬೇಳೆ ರುಬ್ಬಬಲ್ಲ ಮೋಟಾರಿನ ಮಿಕ್ಸಿ ಕಟ್ಟಲು ಹೊರಟರು. ಹಣ್ಣಿನ ರಸಕ್ಕೆಂದು ಮಾಡಿದ ಯಂತ್ರ ಒಣಮೆಣಸು, ಕೊಬ್ಬರಿ, ನೆನೆದ ಉದ್ದಿನ ಮುಂದೆ ಸೋತದ್ದರಿಂದ ಒಂದು ಉದ್ಯಮವೇ ಹುಟ್ಟಿತು. ಇಂದಿಗೂ ಮಿಕ್ಸಿ ಕೊಳ್ಳುವ ಮುನ್ನ ಕನ್ನಡ ಮನೆಗಳಲ್ಲಿ ಕೇಳುವುದು ವ್ಯಾಟಿನ ಲೆಕ್ಕಕ್ಕಿಂತ ‘ಚಟ್ನಿ ನುಣ್ಣಗಾಗುತ್ತಾ, ದೋಸೆ ಹಿಟ್ಟಿಗೆ ಬಿಸಿಯಾಗುತ್ತಾ, ಜಾರಿನ ಬ್ಲೇಡು ಬೇರೆ ಸಿಗುತ್ತಾ’ ಎಂಬುದನ್ನು. ಮೊದಲೆರಡಕ್ಕೆ ಉತ್ತರ ಬಳಸಿದವರಿಂದ, ಮೂರನೆಯದಕ್ಕೆ ದುರಸ್ತಿಯವರಿಂದ. ಮನೆಯ ಎಲ್ಲ ವಿದ್ಯುತ್ ಸಾಮಾನುಗಳಲ್ಲಿ ಮಿಕ್ಸಿಯೊಂದರ ವಿಷಯದಲ್ಲಿ ಮಾತ್ರ ಹಳೆಯ ವಿಚಾರಣೆ ಹೆಚ್ಚುಕಡಿಮೆ ಇಡಿಯಾಗಿ ಉಳಿದಿದೆ. ಅದನ್ನು ಉಳಿಸಿದವರು ಹೆಂಗಸರು.

ಮುರಿತ ಬಿದ್ದದ್ದು 1990ರ ದಶಕದಲ್ಲಿ. ಉದಾರೀಕರಣದ ನಂತರ ಸೋನಿ, ಸ್ಯಾಮ್‌ಸಂಗ್, ಎಲ್‌ಜಿ ಒಂದರ ಹಿಂದೊಂದು ಬಂದವು. ಆಯ್ಕೆ ಹೆಚ್ಚಿತು, ಗುಣಮಟ್ಟ ಏರಿತು, ಇದರಲ್ಲಿ ಸಂದೇಹವಿಲ್ಲ. ಆದರೆ ಅದರ ಜೊತೆಗೆ ಎರಡು ಸಂಗತಿಗಳು ನಡೆದವು. ಒಂದು, ಅಂಕಿಗಳು ಅರ್ಥ ಕಳೆದುಕೊಂಡವು. ಆ ಕಾಲದ ಸ್ಟೀರಿಯೋ ಸೆಟ್ಟುಗಳ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುತ್ತಿದ್ದ ‘ಪಿಎಂಪಿಒ’ ವ್ಯಾಟುಗಳು ಇದಕ್ಕೆ ಸಾಕ್ಷಿ. ಕ್ಷಣದ ಸಣ್ಣ ಭಾಗದಲ್ಲಿ ಸೆಟ್ಟು ಒಮ್ಮೆ ಹೊಮ್ಮಿಸಬಹುದಾದ ಶಕ್ತಿಯನ್ನು ಒಬ್ಬೊಬ್ಬ ತಯಾರಕ ಒಂದೊಂದು ಬಗೆಯಲ್ಲಿ ಲೆಕ್ಕ ಹಾಕಿ ಬರೆದ ಸಂಖ್ಯೆ ಅದು. ನಿರಂತರವಾಗಿ ಕೊಡಬಲ್ಲ ಶಕ್ತಿ ಅದರ ಒಂದು ಚೂರು. ಗೋಡೆಯ ಸಾಕೆಟ್ಟಿನಿಂದ ಐವತ್ತು ವ್ಯಾಟು ಎಳೆಯದ ಪೆಟ್ಟಿಗೆಯ ಮೇಲೆ ಸಾವಿರದ ಲೆಕ್ಕ ಬರೆದಿರುತ್ತಿತ್ತು. ಬ್ಯಾಂಡಿನ ಸಂಖ್ಯೆ ಕೇಳುಗನ ಆಸೆಯಿಂದ ಹುಟ್ಟಿದ್ದರೆ, ಈ ಸಂಖ್ಯೆ ಮಾರಾಟದ ಅಗತ್ಯದಿಂದ ಹುಟ್ಟಿತು. ಎರಡನೆಯದು ಎಕ್ಸ್‌ಚೇಂಜ್ ಆಫರ್. ಆ ದಶಕದಲ್ಲಿ ಅಕಾಯಿ ಟಿವಿಯ ಮಾರಾಟಗಾರರು ಹಳೆಯದನ್ನು ಕೊಟ್ಟು ಹೊಸದು ಒಯ್ಯಿರಿ ಎಂದು ಎಬ್ಬಿಸಿದ ಅಲೆಯನ್ನು ಉಳಿದವರೂ ಹಿಂಬಾಲಿಸಿದರು. ಇದು ಗ್ರಾಹಕನಿಗೆ ಲಾಭವೆಂದೇ ಕಂಡಿತು. ಆದರೆ ವಿಚಾರಣೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಸೆಟ್ಟು ತನ್ನ ಬಾಳಿಕೆಯ ಪರೀಕ್ಷೆ ಮುಗಿಸುವ ಮುನ್ನವೇ ಮನೆಯಿಂದ ಹೊರಬಿತ್ತು. ಹತ್ತನೆಯ ವರ್ಷ ಅದು ಹೇಗಿರುತ್ತಿತ್ತು ಎಂದು ಹೇಳಬಲ್ಲವನ ಮೇಜಿಗೆ ಅದು ಬರಲೇ ಇಲ್ಲ. ಕೊಳ್ಳುವವರ ಪ್ರಶ್ನೆ ‘ಎಷ್ಟು ವರ್ಷ ಬರುತ್ತೆ’ ಎಂಬುದರಿಂದ ‘ಹಳೆಯದಕ್ಕೆ ಎಷ್ಟು ಕೊಡ್ತೀರಿ’ ಎಂಬುದಕ್ಕೆ ಹೊರಳಿತು.

ಹಾಗೆಂದು ರಿಪೇರಿ ಅಂಗಡಿಯ ಕಾಲವನ್ನು ಸತ್ಯಯುಗವೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಇದರ ವಿರುದ್ಧ ಹೇಳಬಹುದಾದ ಮೊದಲ ಮಾತೇ ಗಟ್ಟಿಯಾದದ್ದು: ಆಗ ಆಯ್ಕೆಯೇ ಇರಲಿಲ್ಲ, ನಾಲ್ಕು ಸೆಟ್ಟಿನಲ್ಲಿ ಒಂದನ್ನು ಆರಿಸುವುದಕ್ಕೆ ಸಂಶೋಧನೆಯೆಂಬ ದೊಡ್ಡ ಹೆಸರೇಕೆ? ಕೊರತೆಯ ಆರ್ಥಿಕತೆ ಜನರನ್ನು ಕಾಯಿಸಿತು, ಕಳಪೆ ಮಾಲನ್ನೂ ಹೆಚ್ಚು ಬೆಲೆಗೆ ಕೊಳ್ಳುವಂತೆ ಮಾಡಿತು, ಕಳ್ಳಸಾಗಣೆಯ ಪೇಟೆಯನ್ನು ಬೆಳೆಸಿತು. ಬೆಂಗಳೂರಿನ ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟು, ಕರಾವಳಿಯಲ್ಲಿ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳು ಹೆಸರು ಮಾಡಿದ್ದು ಈ ಕೊರತೆಯಿಂದಲೇ. ಇವೆಲ್ಲ ನಿಜ. ಆದರೆ ಆಯ್ಕೆ ಕಡಿಮೆಯಿದ್ದುದರಿಂದ ವಿಚಾರಣೆ ಸುಲಭವಾಗಲಿಲ್ಲ. ತಪ್ಪಿದರೆ ತಿದ್ದಿಕೊಳ್ಳುವ ಅವಕಾಶವಿಲ್ಲದ್ದರಿಂದ ಅದು ಗಂಭೀರವಾಯಿತು. ಗಲ್ಫಿನಿಂದ ಬಂದ ಟೂ-ಇನ್-ಒನ್ (ರೇಡಿಯೋ ಮತ್ತು ಕ್ಯಾಸೆಟ್ ಒಂದಾದ ಸೆಟ್ಟು) ಎಷ್ಟು ಅಂದವಾಗಿದ್ದರೂ ಅದರ ಹೆಡ್ಡು, ಬೆಲ್ಟು ಇಲ್ಲಿ ಸಿಗುವುದೇ ಎಂದು ಕೇಳಿ ಹಿಂದೆ ಸರಿದವರು ಕೊರತೆಯ ಕಾಲದಲ್ಲೂ ಇದ್ದರು. ಕೊರತೆಯನ್ನು ಮರಳಿ ತರಬೇಕೆಂದು ಯಾರೂ ಕೇಳಬೇಕಾಗಿಲ್ಲ, ಆ ಪ್ರಶ್ನೆಯನ್ನು ಮರಳಿ ತಂದರೆ ಸಾಕು.

ರಿಪೇರಿಯವನಿಗೂ ಸ್ವಾರ್ಥವಿತ್ತು ಎಂಬುದು ಎರಡನೆಯ ಆಕ್ಷೇಪ. ಕಮಿಷನ್ ಪಡೆದು ಒಂದೇ ಅಂಗಡಿಗೆ ಕಳಿಸಿದವರಿದ್ದರು, ಹೊಸ ಐಸಿಯೆಂದು ಹಳೆಯದನ್ನು ಹಾಕಿದವರಿದ್ದರು, ತನಗೆ ಬಿಚ್ಚಲು ಬರುವ ಸೆಟ್ಟನ್ನೇ ಒಳ್ಳೆಯದೆಂದವರೂ ಇದ್ದರು. ಆದರೆ ಯಾವ ಸಾಕ್ಷಿಯ ಸ್ವಾರ್ಥವನ್ನಾದರೂ ಅದಕ್ಕಿರುವ ಕಡಿವಾಣದ ಜೊತೆಗೆ ತೂಗಬೇಕು. ಅವನ ಅಂಗಡಿ ಅದೇ ಬೀದಿಯಲ್ಲಿ ನಾಳೆಯೂ ತೆರೆದಿರಬೇಕು. ಅವನ ಸಲಹೆ ನಂಬಿ ಕೊಂಡ ಸೆಟ್ಟು ಕೆಟ್ಟರೆ ಬಂದು ನಿಲ್ಲುವುದು ಅವನ ಮುಂದೆಯೇ. ಇನ್ನೂ ಒಂದು ಮಾತಿದೆ. ಹೆಚ್ಚು ಕೆಡುವ ಸೆಟ್ಟನ್ನು ಹೊಗಳಿದರೆ ಅವನಿಗೆ ಕೆಲಸ ಹೆಚ್ಚು, ನಿಜ. ಆದರೆ ಪಾರ್ಟು ಸಿಗದ ಸೆಟ್ಟಿನಿಂದ ಅವನಿಗೂ ನಷ್ಟವೇ. ಹಾಗಾಗಿ ಕೆಟ್ಟರೆ ಸರಿಹೋಗುವುದೇ ಎಂಬ ಒಂದು ವಿಷಯದಲ್ಲಿಯಾದರೂ ಅವನ ಹಿತವೂ ಗಿರಾಕಿಯ ಹಿತವೂ ಒಂದೇ ಕಡೆಗಿದ್ದವು. ಮಾರುವವನ ಬಗ್ಗೆ ಈ ಮಾತು ಹೇಳಲು ಬರುವುದಿಲ್ಲ.

ಈಗ ಸಾವಿರಾರು ಬಳಕೆದಾರರ ಅಭಿಪ್ರಾಯ ಬೆರಳ ತುದಿಯಲ್ಲಿರುವಾಗ ಒಬ್ಬ ಮೆಕ್ಯಾನಿಕ್ಕಿನ ಮಾತು ಏಕೆ ಬೇಕು ಎಂಬ ಪ್ರಶ್ನೆ ಇಂದಿನ ಓದುಗರದು. ಇದಕ್ಕೆ ಉತ್ತರ ಕಾಲದಲ್ಲಿದೆ. ಆನ್‌ಲೈನ್ ಅಭಿಪ್ರಾಯಗಳಲ್ಲಿ ಹೆಚ್ಚಿನವು ಪೆಟ್ಟಿಗೆ ಒಡೆದ ಕೆಲವೇ ದಿನಗಳಲ್ಲಿ ಬರೆದವು. ಅವು ಸಾಗಣೆಯ ಬಗ್ಗೆ, ಮೊದಲ ನೋಟದ ಬಗ್ಗೆ, ರಿಮೋಟಿನ ಬಗ್ಗೆ ಹೇಳುತ್ತವೆ. ಮೂರು ವರ್ಷದ ನಂತರ ಪರದೆಯ ಮೇಲೆ ಗೆರೆ ಬಂತೆಂದು ಬರೆಯುವ ಹೊತ್ತಿಗೆ ಆ ಮಾಡೆಲ್ಲೇ ಮಾರುಕಟ್ಟೆಯಲ್ಲಿ ಇರುವುದಿಲ್ಲ. ಬಾಡಿಗೆ ಅಭಿಪ್ರಾಯಗಳ ಹಾವಳಿಯನ್ನು ಸರ್ಕಾರವೇ ಒಪ್ಪಿ 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಮೂಲಕ ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನದಂಡ ಹೊರಡಿಸಬೇಕಾಯಿತು. ವಿಷಯ ಬಲ್ಲವರ ಪ್ರಾಮಾಣಿಕ ಬರಹಗಳ ಬೆಲೆಯನ್ನು ಇದರಿಂದ ಕಡೆಗಣಿಸಬೇಕಿಲ್ಲ. ಕನ್ನಡದಲ್ಲೇ ಡಾ. ಯು.ಬಿ. ಪವನಜ ಅವರ ‘ಗ್ಯಾಜೆಟ್ ಲೋಕ’ ಅಂಕಣ ತಾಂತ್ರಿಕ ಅಂಕಿಗಳನ್ನು ಸಾಮಾನ್ಯ ಓದುಗರ ಭಾಷೆಗೆ ಇಳಿಸಿದ ದೊಡ್ಡ ಕೆಲಸ. ಆದರೂ ಹೊಸ ವಸ್ತುವನ್ನು ಪರೀಕ್ಷಿಸುವವರು ಎಷ್ಟೇ ನಿಷ್ಠರಾದರೂ ಹೊಸದನ್ನಷ್ಟೇ ಕಾಣಬಲ್ಲರು. ಹಳತಾದ ಮೇಲಿನ ಸಾಕ್ಷ್ಯಕ್ಕೆ ಬೇರೆ ಕಡೆಗೇ ಹೋಗಬೇಕು.

ಈಗಿನ ಟಿವಿಗಳು ಹಿಂದಿನಷ್ಟು ಕೆಡುವುದೇ ಇಲ್ಲ, ಅದರಿಂದ ರಿಪೇರಿಯ ಮಾತೇ ಅಪ್ರಸ್ತುತ ಎನ್ನುವವರೂ ಇದ್ದಾರೆ. ವಾಲ್ವಿನ ಕಾಲಕ್ಕೆ ಹೋಲಿಸಿದರೆ ಕೆಡುವುದು ಕಡಿಮೆಯೇ ಸರಿ. ಆದರೆ ಕೆಟ್ಟಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಹಳೆಯ ಸೆಟ್ಟಿನಲ್ಲಿ ವಾಲ್ವು, ಕಂಡೆನ್ಸರು, ಲೈನ್ ಟ್ರಾನ್ಸ್‌ಫಾರ್ಮರು (ಎಲ್‌ಒಟಿ) ಎಂದು ಬಿಡಿಬಿಡಿಯಾಗಿ ಬದಲಿಸಬಹುದಿತ್ತು. ಚಪ್ಪಟೆ ಟಿವಿಯಲ್ಲಿ ಬೆಲೆಯ ದೊಡ್ಡ ಪಾಲು ಪ್ಯಾನೆಲ್ ಒಂದರಲ್ಲೇ ಕೂತಿದೆ. ಅದು ಹೋದರೆ ಹೊಸ ಟಿವಿಯ ಬೆಲೆಗೆ ಸಮೀಪದ ಮೊತ್ತ ಕೇಳುತ್ತಾರೆ. ಬ್ಯಾಕ್‌ಲೈಟಿನ ಪಟ್ಟಿ ಹೋದರೆ ಬದಲಿಸಬಹುದು, ಆದರೆ ಪ್ಯಾನೆಲ್ ಬಿಚ್ಚುವಾಗ ಒಡೆಯದಂತೆ ಕೈ ಪಳಗಿರಬೇಕು. ಇದಕ್ಕೆ ಸಾಫ್ಟ್‌ವೇರ್ ಸೇರಿದೆ. ಯಂತ್ರ ಗಟ್ಟಿಯಾಗಿದ್ದರೂ ಅಪ್‌ಡೇಟ್ ನಿಂತ ಸ್ಮಾರ್ಟ್ ಟಿವಿಯಲ್ಲಿ ಒಂದೊಂದೇ ಆ್ಯಪ್ ಕೆಲಸ ನಿಲ್ಲಿಸುತ್ತದೆ. ‘ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ’ ಎಂದು ಕೇಳುವುದು ‘ವಾಲ್ವು ಸಿಗುತ್ತಾ’ ಎಂದು ಕೇಳಿದ ಅಜ್ಜನ ಪ್ರಶ್ನೆಯೇ.

ಸಾರ್ವಜನಿಕ ಮಾಪನವೊಂದು ಈ ವಿಚಾರಣೆಗೆ ಎಷ್ಟು ನೆರವಾಗಬಲ್ಲದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ನಕ್ಷತ್ರದ ಚೀಟಿ ತಂದಿತು. 2010ರಿಂದ ಫ್ರಾಸ್ಟ್ ಫ್ರೀ ಫ್ರಿಜ್ಜು ಮತ್ತು ಎಸಿಗಳಿಗೆ ಅದನ್ನು ಕಡ್ಡಾಯ ಮಾಡಿದರು. ಪಿಎಂಪಿಒ ಅಂಕಿಗೂ ಈ ನಕ್ಷತ್ರಕ್ಕೂ ಇರುವ ಅಂತರ ಇಷ್ಟೇ: ಒಂದನ್ನು ತಯಾರಕ ತನಗೆ ಬೇಕಾದಂತೆ ಅಳೆದ, ಇನ್ನೊಂದರ ಅಳತೆಗೋಲು ಎಲ್ಲರಿಗೂ ಒಂದೇ. ಕನ್ನಡವೋ ಇಂಗ್ಲಿಷೋ ಓದಲು ಬಾರದವರೂ ನಕ್ಷತ್ರ ಎಣಿಸಿ ಫ್ರಿಜ್ಜು ಆರಿಸುತ್ತಾರೆ. ಆದರೆ ನಕ್ಷತ್ರ ಕರೆಂಟಿನ ಬಿಲ್ಲಿನ ಬಗ್ಗೆ ಮಾತ್ರ ಹೇಳುತ್ತದೆ. ಬಾಳಿಕೆಯ ಬಗ್ಗೆ ಅದಕ್ಕೆ ಬಾಯಿಲ್ಲ. 1986ರ ಗ್ರಾಹಕ ರಕ್ಷಣಾ ಕಾಯ್ದೆಯೂ ಅದರ ಸ್ಥಾನಕ್ಕೆ ಬಂದ 2019ರ ಕಾಯ್ದೆಯೂ ಮುಖ್ಯವಾಗಿ ನೆರವಿಗೆ ಬರುವುದು ಮೋಸವಾದ ಮೇಲೆ. ಕೊಳ್ಳುವ ಮೊದಲು ಬಾಳಿಕೆಯ ಸಾಕ್ಷ್ಯ ಕೊಡುವ ವ್ಯವಸ್ಥೆ ನಮ್ಮಲ್ಲಿ ಇನ್ನೂ ನಿಂತಿಲ್ಲ.

ಅದು ಅಸಾಧ್ಯವೇನಲ್ಲ. ಫ್ರಾನ್ಸ್ 2021ರ ಜನವರಿ 1ರಿಂದ ಟಿವಿ, ವಾಷಿಂಗ್ ಮಷೀನ್, ಲ್ಯಾಪ್‌ಟಾಪ್, ಸ್ಮಾರ್ಟ್‌ಫೋನ್‌ಗಳ ಮೇಲೆ ಹತ್ತಕ್ಕೆ ಎಷ್ಟೆಂದು ದುರಸ್ತಿಯ ಅಂಕ ಮುದ್ರಿಸುವುದನ್ನು ಕಡ್ಡಾಯ ಮಾಡಿತು. ಬಿಚ್ಚಲು ಎಷ್ಟು ಸುಲಭ, ಬಿಡಿಭಾಗ ಎಷ್ಟು ಕಾಲ ಸಿಗುತ್ತದೆ, ಅದರ ಬೆಲೆ ಎಷ್ಟು, ದುರಸ್ತಿಯ ಕೈಪಿಡಿ ಕೊಡುತ್ತಾರೆಯೇ ಎಂಬುದರ ಮೇಲೆ ಆ ಅಂಕ ನಿಂತಿತ್ತು. ನಮ್ಮ ರಿಪೇರಿ ಅಂಗಡಿಯವನು ಬಾಯಿಮಾತಿನಲ್ಲಿ ಹೇಳುತ್ತಿದ್ದದ್ದು ಅಕ್ಷರಶಃ ಇದನ್ನೇ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಆ ವರ್ಷದ ಡಿಸೆಂಬರ್ 24ರ ಗ್ರಾಹಕ ದಿನದಂದು ಜಾಲತಾಣ ತೆರೆಯಿತು, ಬಳಿಕ ದುರಸ್ತಿ ಸೂಚ್ಯಂಕಕ್ಕೆ ಇನ್ನೊಂದು ಸಮಿತಿ ನೇಮಿಸಿತು. ಆ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಸೂಚ್ಯಂಕ ಜಾರಿಗೆ ಬರುವ ಮುನ್ನ ಅದನ್ನು ರೂಪಿಸುವ ಮೇಜಿನ ಸುತ್ತ ಎಸ್‌ಪಿ ರಸ್ತೆಯಂಥ ಪೇಟೆಗಳ ಅನುಭವಸ್ಥ ಮೆಕ್ಯಾನಿಕ್ಕುಗಳಿಗೂ ಜಾಗ ಸಿಗಬೇಕು, ಆ ಅಂಕ ಪೆಟ್ಟಿಗೆಯ ಮೇಲೆ ಕನ್ನಡದಲ್ಲೂ ಇರಬೇಕು. ಅಲ್ಲಿಯವರೆಗೆ ನಿಮ್ಮೂರಿನಲ್ಲಿ ಇನ್ನೂ ಬಾಗಿಲು ತೆರೆದಿರುವ ರಿಪೇರಿ ಅಂಗಡಿಗೆ ಹೋಗಿ, ಈಚಿನ ಎರಡು ವರ್ಷದಲ್ಲಿ ಯಾವ ಟಿವಿಗಳು ಹೆಚ್ಚು ಬಂದವು, ಯಾವುದರ ಪಾರ್ಟು ಸಿಗಲಿಲ್ಲ ಎಂದು ಕೇಳಿ. ದೆಹಲಿಯ ಸಮಿತಿ ತನ್ನ ಸೂಚ್ಯಂಕಕ್ಕೆ ಮೊದಲು ಆರಿಸಿಕೊಂಡಿರುವುದು ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳನ್ನು. ಟಿವಿಯ ಸರದಿ ಇನ್ನೂ ಬಂದಿಲ್ಲ.